ಹತ್ತು ಸಾವಿರ ಸುತ್ತಿನ ಗಾಜು ಎಷ್ಟು ವರ್ಷ ಬಾಳುತ್ತದೆ?

ಪತ್ರಿಕೆಗಳ ವಿಜ್ಞಾನ ಪುಟದಲ್ಲಿ ಆಗಾಗ ಒಂದೇ ಧಾಟಿಯ ಸುದ್ದಿ ಬರುತ್ತದೆ: ಗುಂಡಿ ಒತ್ತಿದರೆ ಕಪ್ಪಾಗುವ ಕಿಟಕಿ ಗಾಜಿಗೆ ಹೊಸ ಪದರ ಸಿದ್ಧವಾಗಿದೆ, ಹತ್ತು ಸಾವಿರ ಸಲ ಬಣ್ಣ ಬದಲಿಸಿದರೂ ಅದು ಸವೆದಿಲ್ಲ. ವಾಣಿಜ್ಯ ಪುಟದ ಕಥೆ ಬೇರೆ. ಇದೇ ಬಗೆಯ ಗಾಜನ್ನು ದೊಡ್ಡ ಕಟ್ಟಡಗಳಿಗೆ ಮಾರುತ್ತಿದ್ದ ಕ್ಯಾಲಿಫೋರ್ನಿಯಾದ ವ್ಯೂ ಕಂಪನಿ 2021ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬಂತು. ಕೆಲವೇ ತಿಂಗಳಲ್ಲಿ ಅದರ ವಾರಂಟಿ ಲೆಕ್ಕ ತನಿಖೆಗೆ ಒಳಗಾಯಿತು. 2024ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಕಾಯಿದೆಯ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಪದರ ಅಷ್ಟು ಗಟ್ಟಿಯಾಗಿದ್ದರೆ, ಕೆಟ್ಟ ಗಾಜು ಬದಲಿಸಿಕೊಡುವ ಖರ್ಚು ಒಂದು ಕಂಪನಿಯನ್ನು ಇಷ್ಟು ಕಾಡಿದ್ದೇಕೆ?

ಎರಡೂ ಸುದ್ದಿ ನಿಜವೇ. ಬಾಳಿಕೆ ಎಂಬ ಒಂದೇ ಮಾತನ್ನು ಎರಡು ಕಡೆ ಎರಡು ಅಳತೆಗೆ ಬಳಸುತ್ತಿರುವುದರಿಂದ ಗೊಂದಲವಾಗಿದೆ. ಪ್ರಯೋಗಾಲಯ ಸುತ್ತುಗಳನ್ನು (ಗಾಜು ಒಮ್ಮೆ ಕಪ್ಪಾಗಿ ಮತ್ತೆ ತಿಳಿಯಾದರೆ ಒಂದು ಸುತ್ತು) ಎಣಿಸುತ್ತದೆ, ಕಟ್ಟಡದ ಮಾಲೀಕ ವರ್ಷಗಳನ್ನು ಎಣಿಸುತ್ತಾನೆ. ಒಂದು ಲೆಕ್ಕದಿಂದ ಇನ್ನೊಂದಕ್ಕೆ ಹೋಗುವ ದಾರಿ ಅಂದುಕೊಂಡಷ್ಟು ನೇರವಾಗಿಲ್ಲ.

ಮೊದಲು ಗಾಜಿನ ಗುರುತು

ಬೆಂಗಳೂರಿನ ಕಚೇರಿಗಳ ಮೀಟಿಂಗ್ ಕೋಣೆಯಲ್ಲಿ ಸ್ವಿಚ್ ಒತ್ತಿದೊಡನೆ ಹಾಲಿನಂತೆ ಬೆಳ್ಳಗಾಗುವ ಗಾಜನ್ನು ಹಲವರು ನೋಡಿರುತ್ತಾರೆ. ಅದನ್ನೂ ಸ್ಮಾರ್ಟ್ ಗಾಜು ಎಂದೇ ಮಾರುತ್ತಾರೆ. ಅದರೊಳಗಿರುವುದು ದ್ರವ ಹರಳಿನ ಸಣ್ಣ ಹನಿಗಳು. ವಿದ್ಯುತ್ ಹರಿಯುವಷ್ಟು ಹೊತ್ತು ಗಾಜು ತಿಳಿಯಾಗಿರುತ್ತದೆ, ನಿಂತರೆ ಮಬ್ಬಾಗುತ್ತದೆ. ಮರೆ ಬೇಕಾದ ಕಡೆ ಅದು ಸೊಗಸು. ಬಿಸಿಲಿನ ಕಾವನ್ನು ತಡೆಯುವುದರಲ್ಲಿ ಮಾತ್ರ ಅಷ್ಟಕ್ಕಷ್ಟೆ, ಏಕೆಂದರೆ ಅದು ಬೆಳಕನ್ನು ಚದುರಿಸುತ್ತದೆಯೇ ಹೊರತು ನುಂಗುವುದಿಲ್ಲ.

ಇಲ್ಲಿ ಹೇಳಹೊರಟಿರುವುದು ಎಲೆಕ್ಟ್ರೋಕ್ರೋಮಿಕ್, ಅಂದರೆ ವಿದ್ಯುತ್ತಿನಿಂದ ಬಣ್ಣ ಬದಲಿಸುವ ಗಾಜಿನ ಬಗ್ಗೆ. ಬೋಯಿಂಗ್ 787 ವಿಮಾನದಲ್ಲಿ ಕೂತವರಿಗೆ ಅದರ ಪರಿಚಯವಿರುತ್ತದೆ. ಆ ಕಿಟಕಿಗೆ ಎಳೆದು ಮುಚ್ಚುವ ಫಲಕವಿಲ್ಲ. ಕೆಳಗಿನ ಗುಂಡಿ ಒತ್ತಿದರೆ ಗಾಜು ನಿಧಾನವಾಗಿ ಕಡುನೀಲಿಗೆ ತಿರುಗುತ್ತದೆ, ಹೊರಗಿನ ಮೋಡ ಆಗಲೂ ಮಸುಕಾಗಿ ಕಾಣುತ್ತಲೇ ಇರುತ್ತದೆ. ವಿಮಾನದಲ್ಲಿ ಬಳಸುವುದು ಜೆಲ್ ತುಂಬಿದ ಬಗೆ. ಕಟ್ಟಡದ ಕಿಟಕಿಗೆ ಹೆಚ್ಚಾಗಿ ಬಳಸುವುದು ಘನ ಪದರಗಳನ್ನು. ಬಾಳಿಕೆಯ ಜಗಳವೆಲ್ಲ ನಡೆಯುತ್ತಿರುವುದು ಈ ಪದರಗಳ ಸುತ್ತ.

ಕೂದಲಿಗಿಂತ ತೆಳುವಾದ ಬ್ಯಾಟರಿ

1969ರಲ್ಲಿ ಅಮೆರಿಕನ್ ಸಯನಮಿಡ್ ಕಂಪನಿಯ ವಿಜ್ಞಾನಿ ಎಸ್.ಕೆ. ದೇಬ್ ಅವರು ಟಂಗ್‌ಸ್ಟನ್ ಆಕ್ಸೈಡಿನ ತೆಳು ಪದರ ವಿದ್ಯುತ್ತಿನಿಂದ ನೀಲಿಯಾಗುವುದನ್ನು ಪ್ರಕಟಿಸಿದರು. ಇಂದಿನ ಕಿಟಕಿ ಗಾಜಿನಲ್ಲೂ ಮುಖ್ಯ ಪಾತ್ರ ಅದೇ ಆಕ್ಸೈಡಿನದು.

ಗಾಜಿನ ಮೇಲೆ ಐದು ಪದರಗಳಿರುತ್ತವೆ. ಎರಡು ಹೊರಬದಿಗಳಲ್ಲಿ ವಿದ್ಯುತ್ ಹರಿಸುವ ಪಾರದರ್ಶಕ ಪದರ, ಸಾಮಾನ್ಯವಾಗಿ ಇಂಡಿಯಂ ಮತ್ತು ತವರದ ಆಕ್ಸೈಡ್. ಒಳಗೆ ಒಂದು ಕಡೆ ಟಂಗ್‌ಸ್ಟನ್ ಆಕ್ಸೈಡ್, ಎದುರು ಕಡೆ ನಿಕಲ್ ಆಕ್ಸೈಡ್. ಇವೆರಡರ ನಡುವೆ ಅಯಾನುಗಳನ್ನು (ವಿದ್ಯುದಾವೇಶ ಹೊತ್ತ ಪರಮಾಣುಗಳನ್ನು) ದಾಟಿಸಿ ಎಲೆಕ್ಟ್ರಾನುಗಳನ್ನು ತಡೆಯುವ ಎಲೆಕ್ಟ್ರೋಲೈಟ್. ಎಲ್ಲ ಸೇರಿದರೂ ದಪ್ಪ ಒಂದೆರಡು ಮೈಕ್ರಾನ್, ಅಂದರೆ ತಲೆಗೂದಲಿನ ಹತ್ತಾರು ಪಾಲಿನಲ್ಲಿ ಒಂದು ಪಾಲು. ಕೆಲವು ವೋಲ್ಟ್ ಕೊಟ್ಟರೆ ಲಿಥಿಯಂ ಅಯಾನುಗಳು ನಿಕಲ್ ಕಡೆಯಿಂದ ಟಂಗ್‌ಸ್ಟನ್ ಕಡೆಗೆ ಹೊರಡುತ್ತವೆ. ಅಷ್ಟೇ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಅದೇ ಕಡೆಗೆ ಬರುತ್ತವೆ. ಎರಡೂ ಕೂಡಿದಾಗ ಟಂಗ್‌ಸ್ಟನ್ ಆಕ್ಸೈಡ್ ನೀಲಿಯಾಗುತ್ತದೆ, ಲಿಥಿಯಂ ಕಳೆದುಕೊಂಡ ನಿಕಲ್ ಆಕ್ಸೈಡ್ ಕಂದು ಬಣ್ಣಕ್ಕೆ ತಿರುಗುತ್ತದೆ, ಒಟ್ಟು ನೋಟ ಕಪ್ಪಿನತ್ತ ವಾಲುತ್ತದೆ. ವೋಲ್ಟೇಜ್ ತಿರುಗಿಸಿದರೆ ಅಯಾನುಗಳು ಮರಳುತ್ತವೆ, ಗಾಜು ತಿಳಿಯಾಗುತ್ತದೆ. ಮಾರುಕಟ್ಟೆಯ ಒಳ್ಳೆಯ ಗಾಜು ತಿಳಿಯಾಗಿದ್ದಾಗ ಸುಮಾರು ಶೇ 60ರಷ್ಟು ಬೆಳಕು ಬಿಡುತ್ತದೆ, ಪೂರ್ತಿ ಕಪ್ಪಾದಾಗ ಶೇ 1ರಷ್ಟು.

ಇದು ಬೆಳಕಿಗೆ ತೆರೆದಿಟ್ಟ ಬ್ಯಾಟರಿಯೇ. ಹಾಗಾಗಿ ಬ್ಯಾಟರಿಯ ಮುಪ್ಪು ಇದಕ್ಕೂ ಬರುತ್ತದೆ. ಆದರೆ ಮೂರ್ನಾಲ್ಕು ವರ್ಷಕ್ಕೆ ಮೊಬೈಲ್ ಬ್ಯಾಟರಿ ಸೊರಗಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ಹನ್ನೆರಡನೇ ಮಹಡಿಯ ಕಿಟಕಿ ಮೂರ್ನಾಲ್ಕು ವರ್ಷಕ್ಕೆ ಸೊರಗಿದರೆ ಅದು ಮೊಕದ್ದಮೆ. ಕಟ್ಟಡದವರು ಕಿಟಕಿಯಿಂದ ಬಯಸುವುದು ಇಪ್ಪತ್ತೈದು, ಮೂವತ್ತು ವರ್ಷ. ಅಷ್ಟೂ ಕಾಲ ಬಿಸಿಲಲ್ಲೇ ನಿಂತು.

ಹೋದ ಅಯಾನು ಮರಳದಿದ್ದರೆ

ಟಂಗ್‌ಸ್ಟನ್ ಆಕ್ಸೈಡನ್ನು ಹತ್ತಿರದಿಂದ ನೋಡಿದರೆ ಕಾಣುವುದು ಎಂಟು ಮುಖದ ಗೂಡುಗಳು. ಪ್ರತಿ ಗೂಡಿನ ನಡುವೆ ಒಂದು ಟಂಗ್‌ಸ್ಟನ್ ಪರಮಾಣು, ಆರು ಮೂಲೆಗಳಲ್ಲಿ ಆಮ್ಲಜನಕ. ಗೂಡುಗಳು ಮೂಲೆಗೆ ಮೂಲೆ ತಾಗಿಕೊಂಡು ಹಬ್ಬಿರುವುದರಿಂದ ಅವುಗಳ ನಡುವೆ ಓಣಿಗಳು ಉಳಿಯುತ್ತವೆ. ಲಿಥಿಯಂ ಓಡಾಡುವುದು ಈ ಓಣಿಗಳಲ್ಲಿ. ಕಿಟಕಿಯ ಪದರದಲ್ಲಿ ಗೂಡುಗಳು ಹರಳಿನ ಶಿಸ್ತಿನಲ್ಲಿ ಕೂತಿರುವುದಿಲ್ಲ. ಹಳೆಯ ಪೇಟೆಯ ಗಲ್ಲಿಗಳಂತೆ ಕೆಲವು ಅಗಲ, ಕೆಲವು ಇಕ್ಕಟ್ಟು, ಕೆಲವು ಮುಂದೆ ದಾರಿಯೇ ಇಲ್ಲದವು. ಹೆಚ್ಚಿನ ಅಯಾನುಗಳು ಹೋಗಿ ಬರುತ್ತವೆ. ಕೆಲವು ಆಳದ ಮೂಲೆಯೊಂದರಲ್ಲಿ ಸಿಕ್ಕಿಕೊಂಡು ಮಾಮೂಲಿ ವೋಲ್ಟೇಜಿಗೆ ಜಗ್ಗುವುದಿಲ್ಲ.

ಒಂದು ಸುತ್ತಿನಲ್ಲಿ ಹೀಗೆ ಉಳಿಯುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಸಾವಿರಾರು ಸುತ್ತಿನ ಬಳಿಕ ಅದು ಕಣ್ಣಿಗೆ ಕಾಣುತ್ತದೆ. ಓಡಾಡುವ ಲಿಥಿಯಂ ಕಡಿಮೆಯಾಗಿರುವುದರಿಂದ ಗಾಜು ಮೊದಲಿನಷ್ಟು ಕಪ್ಪಾಗುವುದಿಲ್ಲ. ಸಿಕ್ಕಿಕೊಂಡದ್ದು ಬಣ್ಣ ಹಿಡಿದಿಟ್ಟುಕೊಂಡರೆ ಮೊದಲಿನಷ್ಟು ತಿಳಿಯೂ ಆಗುವುದಿಲ್ಲ. ನೀಲಿ ಛಾಯೆ ತೊಳೆದರೂ ಹೋಗದ ಕಲೆಯಂತೆ ನಿಲ್ಲುತ್ತದೆ.

ಇದು ತಿರುಗಿಸಲಾಗದ ಸವೆತ ಎಂಬ ನಂಬಿಕೆ ಬಹಳ ಕಾಲ ಇತ್ತು. ಅದನ್ನು ಅಲುಗಾಡಿಸಿದ್ದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗುಂಪು. ಸ್ಮಾರ್ಟ್ ಕಿಟಕಿಯ ಕಲ್ಪನೆಯನ್ನು ಎಂಬತ್ತರ ದಶಕದಿಂದ ಬೆಳೆಸಿದ ಕ್ಲಾಸ್-ಯೋರಾನ್ ಗ್ರಾನ್‌ಕ್ವಿಸ್ಟ್ ಇದ್ದ ಗುಂಪು ಅದು. 2015ರಲ್ಲಿ ಅವರು ನೇಚರ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ತೋರಿಸಿದ್ದು ಇಷ್ಟು: ಪದರವನ್ನು ಬೇಕೆಂದೇ ಅತಿಯಾದ ವೋಲ್ಟೇಜಿನಲ್ಲಿ ಸುತ್ತಿಸಿ ಸೊರಗಿಸಿದರು. ಆಮೇಲೆ ಸಣ್ಣ, ಸ್ಥಿರವಾದ ವಿದ್ಯುತ್ ಪ್ರವಾಹವನ್ನು ಹಲವು ಗಂಟೆ ಉಲ್ಟಾ ಹರಿಸಿದರು. ವೋಲ್ಟೇಜ್ ಮೇಲೇರಿದಂತೆ ಸಿಕ್ಕಿಕೊಂಡಿದ್ದ ಲಿಥಿಯಂ ಹೊರಬಂತು, ಪದರ ಹೊಸದರಂತೆ ಬಣ್ಣ ಬದಲಿಸತೊಡಗಿತು.

ಈ ಫಲಿತಾಂಶದ ತೂಕ ದೊಡ್ಡದು. ಮುಪ್ಪೇ ಬರದ ಪದರ ಕಟ್ಟಬೇಕೆಂಬ ಹಟದ ಪಕ್ಕದಲ್ಲಿ, ಮುಪ್ಪು ಬಂದಾಗ ಚಿಕಿತ್ಸೆ ಮಾಡಬಹುದಾದ ಪದರ ಸಾಕಲ್ಲವೇ ಎಂಬ ಪ್ರಶ್ನೆ ಹುಟ್ಟಿತು. ಇದನ್ನು ರಾಮಬಾಣವೆಂದು ಮಾತ್ರ ಭಾವಿಸಬಾರದು. ಪ್ರಯೋಗ ನಡೆದದ್ದು ದ್ರವ ಎಲೆಕ್ಟ್ರೋಲೈಟಿನಲ್ಲಿ, ಒಂಟಿ ಪದರದ ಮೇಲೆ. ಐದೂ ಪದರ ಸೇರಿದ ಗಾಜಿಗೆ ಅದೇ ಚಿಕಿತ್ಸೆ ಕೊಟ್ಟರೆ ಟಂಗ್‌ಸ್ಟನ್ ಕಡೆ ವಾಸಿಯಾಗುವ ಹೊತ್ತಿಗೆ ಎಲೆಕ್ಟ್ರೋಲೈಟ್ ಒಡೆಯಬಹುದು, ಎದುರಿನ ನಿಕಲ್ ಆಕ್ಸೈಡ್ ಹಾಳಾಗಬಹುದು. ನಿಕಲ್ ಆಕ್ಸೈಡ್ ಮುಪ್ಪಾಗುವ ಬಗೆಯೇ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಜೊತೆಗೆ ಸ್ವಲ್ಪ ಲಿಥಿಯಂ ಸಿಕ್ಕಿಬೀಳುವುದಷ್ಟೇ ಅಲ್ಲ, ಟಂಗ್‌ಸ್ಟನ್ ಮತ್ತು ಆಮ್ಲಜನಕದೊಂದಿಗೆ ಸೇರಿ ಲಿಥಿಯಂ ಟಂಗ್‌ಸ್ಟೇಟ್ ಎಂಬ ಬೇರೆಯೇ ವಸ್ತುವಾಗುತ್ತದೆ. ಅದನ್ನು ಮರಳಿ ಓಡಾಟಕ್ಕೆ ಹಚ್ಚುವುದು ಬಲು ಕಷ್ಟ.

ಅಯಾನುಗಳ ಜೊತೆಗೆ ಇನ್ನಿತರ ಶತ್ರುಗಳೂ ಇವೆ. ಲಿಥಿಯಂ ಒಳಹೊಕ್ಕಾಗ ಪದರ ಉಬ್ಬುತ್ತದೆ, ಹೊರಬಂದಾಗ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದರೆ ಬಿರುಕು ಬಿಟ್ಟು ಗಾಜಿನಿಂದ ಏಳುತ್ತದೆ. ತೇವ ಒಳಸೇರಿದರೆ ಲಿಥಿಯಂ ಅದರೊಂದಿಗೆ ವರ್ತಿಸಿ ವ್ಯರ್ಥವಾಗುತ್ತದೆ. ಎಲೆಕ್ಟ್ರೋಲೈಟ್ ಪ್ಲಾಸ್ಟಿಕ್ ಜಾತಿಯದಾಗಿದ್ದರೆ ಅತಿನೇರಳೆ ಕಿರಣ ಅದನ್ನು ಹಳದಿಯಾಗಿಸುತ್ತದೆ. ಪದರ ಕೂರಿಸುವಾಗ ಬಿದ್ದ ಒಂದೇ ಧೂಳಿನ ಕಣ ಸೂಜಿಮೊನೆಯಷ್ಟು ತೂತು ಬಿಟ್ಟಿದ್ದರೂ ಅಲ್ಲಿ ವಿದ್ಯುತ್ ಸೋರುತ್ತದೆ. ಗಾಜೆಲ್ಲ ಕಪ್ಪಾದಾಗ ಆ ಜಾಗದ ಸುತ್ತ ತಿಳಿಬಣ್ಣದ ಒಂದು ವರ್ತುಲ ಮಾತ್ರ ಮಿನುಗುತ್ತದೆ. ಅಂಗೈಯಗಲದ ಮಾದರಿಯಲ್ಲಿ ಇಂಥ ತೂತು ಇಲ್ಲದಂತೆ ನೋಡಿಕೊಳ್ಳಬಹುದು. ಆಳೆತ್ತರದ ಗಾಜಿನಲ್ಲಿ ಅದಕ್ಕೆ ಕಾರ್ಖಾನೆಯ ಇಡೀ ಶಿಸ್ತೇ ಬೇಕು.

ಹತ್ತು ಸಾವಿರ ಸುತ್ತು ಎಂದರೆ ಒಂದು ವಾರ

ಈಗ ಸುದ್ದಿಯ ಅಂಕಿಗೆ ಬರೋಣ. ಪ್ರಯೋಗಾಲಯದ ಮಾದರಿ ಚಿಕ್ಕದು, ಕೆಲವೇ ಸೆಂಟಿಮೀಟರ್. ಅದು ಅರ್ಧ ನಿಮಿಷದಲ್ಲಿ ಕಪ್ಪಾಗಿ ಇನ್ನರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ ಎನ್ನೋಣ. ಹತ್ತು ಸಾವಿರ ಸುತ್ತಿಗೆ ಹತ್ತು ಸಾವಿರ ನಿಮಿಷ, ಅಂದರೆ 167 ಗಂಟೆ. ಒಂದು ವಾರ! ಅದೂ ಹಲವು ಸಲ ಕೋಣೆಯ ಉಷ್ಣಾಂಶದಲ್ಲಿ, ಬಿಸಿಲಿನ ಸೋಂಕಿಲ್ಲದೆ.

ಕಿಟಕಿಯ ಬದುಕು ಹೀಗಿರುವುದಿಲ್ಲ. ಗೋಡೆಯಷ್ಟು ದೊಡ್ಡ ಗಾಜು ಬಣ್ಣ ಬದಲಿಸಲು ಹತ್ತಿಪ್ಪತ್ತು ನಿಮಿಷವೂ ಹಿಡಿಯಬಹುದು, ಏಕೆಂದರೆ ಅಂಚಿನಿಂದ ಹೊರಟ ವಿದ್ಯುತ್ ಪಾರದರ್ಶಕ ಪದರದ ತಡೆಯನ್ನು ಹಾಯ್ದು ನಡುಭಾಗ ಮುಟ್ಟಬೇಕು. ಅಂಚು ಮೊದಲು ಕಪ್ಪಾಗಿ ನಡು ಆಮೇಲೆ ಕಪ್ಪಾಗುವುದೂ ಇದೇ ಕಾರಣಕ್ಕೆ. ವೇಗ ಹೆಚ್ಚಿಸಲು ಅಂಚಿಗೆ ಜಾಸ್ತಿ ವೋಲ್ಟೇಜ್ ಕೊಟ್ಟರೆ ಅಂಚಿನ ಪದರ ಅತಿಯಾಗಿ ದುಡಿದು ಬೇಗ ಮುಪ್ಪಾಗುತ್ತದೆ. ದಿನಕ್ಕೆ ಕೆಲವೇ ಸುತ್ತು, ಆದರೆ ಒಮ್ಮೆ ಕಪ್ಪಾದರೆ ಗಂಟೆಗಟ್ಟಲೆ ಅದೇ ಸ್ಥಿತಿ. ಕಪ್ಪಾದ ಗಾಜು ಬಿಸಿಲನ್ನು ನುಂಗಿ ಹೊರಗಾಳಿಗಿಂತ ಬಹಳ ಬಿಸಿಯಾಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆ ಸುಮಾರು ಇಮ್ಮಡಿ ವೇಗದಲ್ಲಿ ನಡೆಯುತ್ತದೆ ಎಂಬ ಹಳೆಯ ಅಂದಾಜನ್ನು ಇಲ್ಲಿಗೆ ಅನ್ವಯಿಸಿದರೆ, ಸುತ್ತದೆ ಸುಮ್ಮನೆ ಕಪ್ಪಗೆ ನಿಂತ ಗಾಜೂ ಸವೆಯುತ್ತಿರುತ್ತದೆ ಎಂಬುದು ಅರ್ಥವಾಗುತ್ತದೆ. ಸುತ್ತಿನ ಎಣಿಕೆ ಈ ಸವೆತವನ್ನು ಹಿಡಿಯುವುದೇ ಇಲ್ಲ.

ಉದ್ಯಮಕ್ಕೆ ಇದು ಗೊತ್ತಿಲ್ಲವೆಂದಲ್ಲ. ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಇ2141 ಪರೀಕ್ಷಾ ವಿಧಾನ ಎರಡು ಗಾಜುಗಳ ಅಂಚು ಮುಚ್ಚಿ ಮಾಡಿದ ಜೋಡಿ ಗಾಜನ್ನೇ ಕೃತಕ ಬಿಸಿಲಿನಡಿ, ಕಾವಿನಲ್ಲಿ ದುಡಿಸುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 18543ನೇ ಮಾನಕವೂ ಇದೇ ಬಗೆಯದು. ರೂಢಿಯ ಗುರಿ 50,000 ಸುತ್ತು, 5,000 ಗಂಟೆ. ದಿನಕ್ಕೆ ಐದು ಸುತ್ತೆಂದರೆ 50,000 ಸುತ್ತಿಗೆ 27 ವರ್ಷ. ಇಲ್ಲೇ ನಿಂತು ಯೋಚಿಸಬೇಕು. 5,000 ಗಂಟೆ ಎಂದರೆ ಏಳು ತಿಂಗಳು. ಪರೀಕ್ಷೆಯ ಕಾವು ಆ ಏಳು ತಿಂಗಳನ್ನು ನಿಜಕ್ಕೂ ಇಪ್ಪತ್ತೇಳು ವರ್ಷಕ್ಕೆ ಹಿಗ್ಗಿಸುತ್ತದೆಯೇ ಎಂಬುದು ಯಾವ ಬಗೆಯ ಸವೆತ ಮುಖ್ಯ ಎಂಬುದರ ಮೇಲೆ ನಿಂತಿದೆ. ಕಾವಿನಿಂದ ವೇಗ ಪಡೆಯುವ ಸವೆತ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ವರ್ಷಗಟ್ಟಲೆ ಮಳೆ, ಚಳಿ, ಗಾಳಿಯ ಒತ್ತಡಕ್ಕೆ ಅಂಚು ನಿಧಾನವಾಗಿ ಸಡಿಲವಾಗುವುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ತಮ್ಮ ಪದರದ ಬಗ್ಗೆ ಇಷ್ಟು ಭರವಸೆಯಿದ್ದೂ ವ್ಯೂ ಕಂಪನಿ ಗಾಜಿಗೆ ಕೊಡುತ್ತಿದ್ದ ಸಾಮಾನ್ಯ ವಾರಂಟಿ ಹತ್ತು ವರ್ಷದ್ದು.

ಪದರ ಸರಿ, ಅಂಚು ತಪ್ಪು

ವ್ಯೂ ಪ್ರಕರಣದಲ್ಲಿ ಕೈಕೊಟ್ಟದ್ದು ಲಿಥಿಯಂ ಅಲ್ಲ. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ 2023ರಲ್ಲಿ ಹೇಳಿದಂತೆ, ದೋಷವಿದ್ದದ್ದು ಗಾಜುಗಳನ್ನು ಸೇರಿಸಿ ಮುಚ್ಚುವ ಸೀಲಿನ ಒಂದು ಭಾಗದಲ್ಲಿ. ಎರಡು ಗಾಜುಗಳ ನಡುವಿನ ಖಾಲಿ ಜಾಗಕ್ಕೆ ತೇವ ನುಗ್ಗದಂತೆ ತಡೆಯುವುದು ಆ ಸೀಲ್. ಮಾಮೂಲಿ ಜೋಡಿ ಗಾಜಿನಲ್ಲೂ ಅದು ಇರುತ್ತದೆ. ಇಲ್ಲಿ ಮಾತ್ರ ಅದನ್ನು ತೂರಿ ತಂತಿಯೂ ಒಳಗೆ ಹೋಗಬೇಕು.

ಕೆಟ್ಟ ಗಾಜನ್ನು ಬದಲಿಸಿಕೊಡಲು ಕಂಪನಿ ಒಪ್ಪಿತ್ತು. ಅದಕ್ಕೆ ತೆಗೆದಿಡಬೇಕಾದ ಹಣವನ್ನು ಲೆಕ್ಕ ಹಾಕುವಾಗ ಹೊಸ ಗಾಜು ತಯಾರಿಸುವ ಖರ್ಚನ್ನಷ್ಟೇ ಹಿಡಿದು 2.2 ಕೋಟಿಯಿಂದ 2.5 ಕೋಟಿ ಡಾಲರ್ ಎಂದು ತೋರಿಸಿತು. ಗಾಜನ್ನು ಸಾಗಿಸಿ ಕೂರಿಸುವ ಖರ್ಚನ್ನೂ ಸೇರಿಸಿದ್ದರೆ ಅದು 4.8 ಕೋಟಿಯಿಂದ 5.3 ಕೋಟಿ ಡಾಲರ್ ಆಗುತ್ತಿತ್ತು ಎಂದಿತು ನಿಯಂತ್ರಣ ಸಂಸ್ಥೆ. ತಪ್ಪನ್ನು ತಾನೇ ಬಯಲಿಗಿಟ್ಟು ಸಹಕರಿಸಿದ್ದರಿಂದ ಕಂಪನಿಗೆ ದಂಡ ಬೀಳಲಿಲ್ಲ. ಆ ಎರಡು ಅಂಕಿಗಳ ನಡುವಿನ ಅಂತರವನ್ನು ಬಾಳಿಕೆಯ ಚರ್ಚೆ ನಡೆಸುವವರು ಗೋಡೆಗೆ ಅಂಟಿಸಿಕೊಳ್ಳಬೇಕು. ಗಾಜಿನ ಬೆಲೆಗಿಂತ ಅದನ್ನು ಎತ್ತರಕ್ಕೇರಿಸಿ ಕೂರಿಸುವುದೇ ದುಬಾರಿ. ಪದರ ಅಗ್ಗವಾದ ಮಾತ್ರಕ್ಕೆ ಸೋಲು ಅಗ್ಗವಾಗುವುದಿಲ್ಲ.

ದಿವಾಳಿಗೆ ವಾರಂಟಿಯೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಮಾರಾಟದಿಂದ ಬರುತ್ತಿದ್ದುದಕ್ಕಿಂತ ತಯಾರಿಕೆಗೆ ಹೋಗುತ್ತಿದ್ದುದೇ ಹೆಚ್ಚಿತ್ತು. 2022ರ ಅಮೆರಿಕದ ಹಣದುಬ್ಬರ ಇಳಿಕೆ ಕಾಯಿದೆ ಈ ಗಾಜಿಗೆ ಶೇ 30ರವರೆಗೆ ತೆರಿಗೆ ರಿಯಾಯಿತಿ ಕೊಟ್ಟಿತಾದರೂ ಅದು 2024ರ ಕೊನೆಯೊಳಗೆ ಶುರುವಾದ ಕಾಮಗಾರಿಗಳಿಗೆ ಮಾತ್ರ.

ಗಟ್ಟಿ ಮಾಡುವವರು, ಹದವಾಗಿ ದುಡಿಸುವವರು

ಮುಂದಿನ ದಾರಿಯ ಬಗ್ಗೆ ಒಮ್ಮತವಿಲ್ಲ. ಒಂದು ಗುಂಪು ವಸ್ತುವನ್ನೇ ಸುಧಾರಿಸಬೇಕೆನ್ನುತ್ತದೆ. ಟಂಗ್‌ಸ್ಟನ್ ಆಕ್ಸೈಡಿಗೆ ಸ್ವಲ್ಪ ಟೈಟಾನಿಯಂ ಬೆರೆಸಿದರೆ ಪದರ ಹೆಚ್ಚು ಸುತ್ತು ತಾಳುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ರಂಧ್ರಗಳಿರುವ ಪದರ ಕಟ್ಟಿದರೆ ಉಬ್ಬಲು ಜಾಗ ಸಿಗುತ್ತದೆ, ಅಯಾನು ಬೇಗ ಓಡಾಡುತ್ತದೆ. ಆದರೆ ರಂಧ್ರ ಹೆಚ್ಚಾದಷ್ಟೂ ಎಲೆಕ್ಟ್ರೋಲೈಟಿಗೆ ತೆರೆದುಕೊಂಡ ಮೈಯೂ ಹೆಚ್ಚು, ಅಡ್ಡ ಕ್ರಿಯೆಗಳೂ ಹೆಚ್ಚು. ದಟ್ಟವಾಗಿ ಕಟ್ಟಿದರೆ ತಾಳಿಕೆ ಬರುತ್ತದೆ, ವೇಗ ಹೋಗುತ್ತದೆ. ಹಾಕಿದ ಟೈಟಾನಿಯಂ ಜಾಸ್ತಿಯಾದರೆ ಬಣ್ಣದ ಗಾಢತೆಗೆ ಪೆಟ್ಟು. ಇಂಥ ಕೊಡುಕೊಳ್ಳುವಿಕೆಯನ್ನು ಸುದ್ದಿಯ ತಲೆಬರಹ ಹೇಳುವುದಿಲ್ಲ.

ಇನ್ನೊಂದು ಗುಂಪಿನ ವಾದ, ಈಗಿರುವ ಪದರವನ್ನೇ ಹದವರಿತು ದುಡಿಸಿ ಎಂಬುದು. ನಿಯಂತ್ರಕ ಯಂತ್ರ ಗಾಜಿನ ಉಷ್ಣಾಂಶ ನೋಡಿ ವೋಲ್ಟೇಜ್ ಇಳಿಸಲಿ, ಕಟ್ಟಕಡೆಯ ಕಪ್ಪಿಗೆ ತಳ್ಳುವುದು ಬೇಡ, ರಾತ್ರಿ ಹೊತ್ತು ಸಿಕ್ಕಿಕೊಂಡ ಅಯಾನುಗಳನ್ನು ಬಿಡಿಸುವ ಚಿಕಿತ್ಸೆ ಕೊಡಲಿ. ಉಪ್ಸಾಲಾದ ಪ್ರಯೋಗದಲ್ಲೇ ಇದಕ್ಕೆ ಬೆಂಬಲವಿದೆ: ವೋಲ್ಟೇಜನ್ನು ಮಿತಿಯೊಳಗಿಟ್ಟ ಪದರ ಬಹುಕಾಲ ಚೆನ್ನಾಗಿಯೇ ಇತ್ತು, ಮಿತಿ ದಾಟಿಸಿದ್ದು ಕೆಲವೇ ನೂರು ಸುತ್ತಿನಲ್ಲಿ ಸೊರಗಿತು. ವ್ಯಾಪಾರದ ಕಷ್ಟವೆಂದರೆ ಶೇ 1ರ ಕಪ್ಪು ಕರಪತ್ರದಲ್ಲಿ ಚಂದ ಕಾಣುತ್ತದೆ, ಶೇ 5 ಅಷ್ಟು ಚಂದ ಕಾಣುವುದಿಲ್ಲ. ಬಾಳಿಕೆಗಾಗಿ ಗಾಢತೆ ಬಿಟ್ಟುಕೊಡುವ ಮಾರಾಟಗಾರ ಸಿಗುವುದು ಅಪರೂಪ. ಆದರೂ ಸದ್ಯಕ್ಕೆ ಅಗ್ಗದಲ್ಲಿ ಕೈಗೆಟುಕುವ ಸುಧಾರಣೆ ಇದೇ ಎಂದು ನನಗನ್ನಿಸುತ್ತದೆ.

ಲಿಥಿಯಂ ತೂರಿಸುವ ಸಹವಾಸವೇ ಬೇಡವೆಂದು ಲೋಹವನ್ನೇ ಗಾಜಿನ ಮೇಲೆ ಕೂರಿಸಿ ಕರಗಿಸುವ ದಾರಿ ಹಿಡಿದವರೂ ಇದ್ದಾರೆ. ಅಮೆರಿಕದ ಕೊಲರಾಡೋದಂಥ ವಿಶ್ವವಿದ್ಯಾಲಯಗಳಲ್ಲಿ ತಾಮ್ರ, ಬಿಸ್ಮತ್‌ಗಳಿಂದ ಇದು ನಡೆದಿದೆ. ಬಣ್ಣ ನೀಲಿಯಲ್ಲ, ಒಳ್ಳೆಯ ಬೂದುಗಪ್ಪು. ಆದರೆ ಲೋಹ ಪ್ರತಿ ಸಲವೂ ಸಮನಾಗಿ ಕೂರಬೇಕು, ಒಂದು ಚೂರೂ ಉಳಿಯದೆ ಕರಗಬೇಕು.

ಇವರೆಲ್ಲರನ್ನೂ ನೋಡಿ ನಗುವವರು ವಾಸ್ತುಶಿಲ್ಪಿಗಳಲ್ಲಿದ್ದಾರೆ. ಕಿಟಕಿಯ ಮೇಲೆ ಎರಡಡಿ ಸಜ್ಜಾ ಇಳಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಏಕೆ ಎಂಬುದು ಅವರ ಪ್ರಶ್ನೆ. ಸಜ್ಜಾಗೆ ಸುತ್ತಿನ ಲೆಕ್ಕವಿಲ್ಲ, ಸೀಲ್ ಇಲ್ಲ. ದಕ್ಷಿಣಕ್ಕೆ ಮುಖವಿರುವ ಕಿಟಕಿಯ ಮಟ್ಟಿಗೆ ಅವರದು ಗಟ್ಟಿ ವಾದ. ಪಶ್ಚಿಮದ ಸಂಜೆ ಬಿಸಿಲು ಮಾತ್ರ ಸಜ್ಜಾದ ಕೆಳಗೆ ಅಡ್ಡಡ್ಡವಾಗಿ ನುಗ್ಗುತ್ತದೆ; ಬಣ್ಣ ಬದಲಿಸುವ ಗಾಜಿಗೆ ನಿಜವಾದ ಕೆಲಸವಿರುವುದು ಅಲ್ಲಿ.

ಕರ್ನಾಟಕದ ಬಿಸಿಲಿಗೆ ಇದು ಒಗ್ಗೀತೇ?

ದೇಶದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬೆಂಗಳೂರನ್ನು ಸಮಶೀತೋಷ್ಣ ವಲಯದಲ್ಲಿಟ್ಟಿತು. ಹೊರಗೋಡೆಯಲ್ಲಿ ಕಿಟಕಿಯ ಪಾಲು ಶೇ 40ನ್ನು ಮೀರಬಾರದು ಎಂದಿತು. ಸಮಶೀತೋಷ್ಣವೆಂದರೆ ಪದರಕ್ಕೆ ಸ್ವಲ್ಪ ನೆಮ್ಮದಿ. ನಲವತ್ತು ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಪ್ಪಾದ ಗಾಜಿನ ಕಾವು ಬೇರೆಯೇ ಮಟ್ಟದ್ದು. ಮಂಗಳೂರಿನಲ್ಲಿ ಕಾವಿಗಿಂತ ಅಂಚಿನ ತೇವದ್ದೇ ಭಯ. ಅಮೆರಿಕದ ಮಿನೆಸೋಟದ ಚಳಿಗೋ ಕ್ಯಾಲಿಫೋರ್ನಿಯಾದ ಒಣ ಬಿಸಿಲಿಗೋ ಒಗ್ಗಿದ ವಾರಂಟಿಯನ್ನು ಈ ಮೂರೂ ಊರುಗಳಿಗೆ ಒಂದೇ ರೀತಿ ಹಚ್ಚುವುದು ಹೇಗೆ?

ಬಾಳಿಕೆಯ ಒಂದು ತುದಿಗೆ ಬೆಂಗಳೂರಿನ ನಂಟೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಡಿಯಂ ಆಕ್ಸೈಡಿಗೆ ಬದಲಾಗಿ ಲೋಹದ ಬಲೆ ಕಟ್ಟುವ ವಿಧಾನ ರೂಪುಗೊಂಡಿದೆ. ಒಣಗುವಾಗ ಕೆರೆಯಂಗಳದಂತೆ ಬಿರಿಯುವ ಲೇಪವನ್ನು ಗಾಜಿನ ಮೇಲೆ ಹಚ್ಚಿ, ಆ ಬಿರುಕುಗಳಲ್ಲಿ ಲೋಹ ಇಳಿಸಿ, ಲೇಪವನ್ನು ತೊಳೆದು ತೆಗೆಯುತ್ತಾರೆ. ಉಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಬಲೆ. ವಿದ್ಯುತ್ತಿಗೆ ತಡೆ ಕಡಿಮೆಯಾದರೆ ದೊಡ್ಡ ಗಾಜಿನ ಅಂಚಿಗೂ ನಡುವಿಗೂ ವೋಲ್ಟೇಜಿನ ವ್ಯತ್ಯಾಸ ತಗ್ಗುತ್ತದೆ, ಅಂಚಿನ ಪದರ ಅತಿಯಾಗಿ ದುಡಿಯುವುದು ತಪ್ಪುತ್ತದೆ. ಆದರೆ ಲೋಹದ ಎಳೆ ಎಲೆಕ್ಟ್ರೋಲೈಟಿಗೆ ನೇರವಾಗಿ ತಾಗಿದರೆ ಅದೇ ಕರಗಲು ಶುರುವಾಗುತ್ತದೆ, ಹಾಗಾಗಿ ಅದಕ್ಕೂ ಒಂದು ರಕ್ಷಾ ಪದರ ಬೇಕು.

ಇಂಥ ಗಾಜಿಗೆ ಟೆಂಡರ್ ಕರೆಯುವ ಕಟ್ಟಡದವರು ಕಾಗದದಲ್ಲಿ ಹುಡುಕಬೇಕಾದದ್ದು ಸುತ್ತಿನ ಸಂಖ್ಯೆಯನ್ನಲ್ಲ. ಎಷ್ಟು ಡಿಗ್ರಿ ಕಾವಿನಲ್ಲಿ, ಕಪ್ಪು ಸ್ಥಿತಿಯಲ್ಲಿ, ಎಷ್ಟು ಗಂಟೆ ನಿಲ್ಲಿಸಿ ನೋಡಿದ್ದಾರೆ. ಪರೀಕ್ಷೆಗೆ ಇಟ್ಟದ್ದು ಅಂಗೈಯಗಲದ ಚೂರೋ, ಸೀಲ್ ಹಾಕಿದ ಪೂರ್ತಿ ಗಾಜೋ. ಎಷ್ಟು ಮಸುಕಾದರೆ ಕೆಟ್ಟಿತೆಂದು ಒಪ್ಪುತ್ತಾರೆ. ಆಮೇಲೆ ವಾರಂಟಿಯ ಸಾಲು. ಬದಲಿ ಗಾಜು ಉಚಿತ ಎಂದು ಬರೆದಿರುವ ಕಡೆ ಅದನ್ನು ಹನ್ನೆರಡನೇ ಮಹಡಿಗೆ ಏರಿಸುವ ಕ್ರೇನಿನ ಬಾಡಿಗೆ ಯಾರದೆಂದೂ ಬರೆದಿದೆಯೇ?